34 ಇಂಚು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ನೀನು ಕೇಳಿದ್ದೆ, "ಪುಟ್ಟ ಕುದುರೆಗಳ ಜಾತ್ರೆ ಮುಗೀತೇನೋ?" ಅಂತ. ಮುಗೀತು ಅಂತ ಒಂದೇ ಮಾತು ಬರೆದು ಸುಮ್ಮನಾಗಿದ್ದೆ. ಇವತ್ತು ಪೂರ್ತಿ ಬರೆಯುತ್ತೇನೆ. ನಿನಗೆ ಬರೆಯುವುದನ್ನೇ ಎಲ್ಲರ ಮುಂದೂ ಇಡುತ್ತಿದ್ದೇನೆ. ನಮ್ಮ ಹಾಸ್ಟೆಲ್ಲಿನವರು ಯಾರಾದರೂ ಓದಿದರೆ ಆ ಸೈಕಲ್ ವಿಷಯ ಮಾತ್ರ ಎತ್ತಬೇಡಿ. ನೀನೂ ಎತ್ತಬೇಡ.

ನಿನಗೆ ಅರ್ಧ ಗೊತ್ತು, ಉಳಿದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಇಲ್ಲಿ ಟೆಕ್ಸಾಸ್‌ನಲ್ಲಿ ಮಗಳು ಗೆಳತಿಯ ಜೊತೆ ಫೋರ್-ಎಚ್ ಮಕ್ಕಳ ಕ್ಲಬ್ಬಿಗೆ ಹೋದಳು. ಅಲ್ಲಿ ಮೊದಲ ಸಲ ಮಿನಿಯೇಚರ್ ಕುದುರೆ ನೋಡಿದಳು. ಆಮೇಲೆ ಆರು ತಿಂಗಳು ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಈಗ ಊರಾಚೆ ಬಾಡಿಗೆ ಲಾಯದಲ್ಲಿ ನಮ್ಮ ಬೆಲ್ಲ ಇದ್ದಾಳೆ. ಮೈಬಣ್ಣ ನೋಡಿ ಮಗಳೇ ಇಟ್ಟ ಹೆಸರು. ಇಲ್ಲಿಯವರು ಅದನ್ನು ಬೆಲ್ಲಾ ಅಂದುಕೊಂಡು ಚೆಂದದ ಹೆಸರು ಅನ್ನುತ್ತಾರೆ. ಚೆಂದದ ಹೆಸರೇ ಅಲ್ವಾ, ಹಾಗೇ ಬಿಟ್ಟಿದ್ದೇವೆ.

ಈ ಕುದುರೆ ಎಷ್ಟು ಚಿಕ್ಕದು ಗೊತ್ತಾ? ಬೆನ್ನು ನನ್ನ ಸೊಂಟಕ್ಕೂ ಬರುವುದಿಲ್ಲ. ಆರು ವರ್ಷದ ಮಗು ಪಕ್ಕದಲ್ಲಿ ನಿಂತರೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಹುದು. ಆದರೆ ನಾಯಿಯಲ್ಲ, ಆಟಿಕೆಯಲ್ಲ, ಪೂರ್ತಿ ಕುದುರೆಯೇ. ಪ್ಲಾಸ್ಟಿಕ್ ಚೀಲ ಹಾರಿದರೆ ಬೆಚ್ಚುತ್ತದೆ, ಸಿಟ್ಟು ಬಂದರೆ ಒದೆಯುತ್ತದೆ, ಒಂಟಿಯಾಗಿ ಬಿಟ್ಟರೆ ಕೂಗುತ್ತದೆ. ಶೋಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಇದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ನಡೆಯುತ್ತಾರೆ, ಓಡುತ್ತಾರೆ. ಜಿಗಿತದ ಸ್ಪರ್ಧೆಯಲ್ಲಿ ಹುಡುಗ ಹಗ್ಗ ಹಿಡಿದು ಬೇಲಿಯ ಪಕ್ಕ ಓಡುತ್ತಾನೆ, ಕುದುರೆ ಬೇಲಿ ಹಾರುತ್ತದೆ. ಸ್ವಲ್ಪ ದೊಡ್ಡವರಾದ ಮೇಲೆ ಎರಡು ಚಕ್ರದ ಪುಟ್ಟ ಗಾಡಿ ಹೂಡುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಶೋಮನ್‌ಶಿಪ್. ಅದರಲ್ಲಿ ತೀರ್ಪುಗಾರರು ಕುದುರೆಯ ಅಂದ ನೋಡುವುದಿಲ್ಲ, ಮಗು ಅದನ್ನು ಹೇಗೆ ನಡೆಸುತ್ತದೆ, ಹೇಗೆ ನಿಲ್ಲಿಸುತ್ತದೆ ಅಂತ ನೋಡುತ್ತಾರೆ. ತೀರ್ಪುಗಾರರು ಸುತ್ತು ಬರುವಾಗ ಅವರಿಗೂ ಕುದುರೆಗೂ ನಡುವೆ ಅಡ್ಡ ನಿಲ್ಲಬಾರದು. ಮಗು ಆ ಕಡೆ ಈ ಕಡೆ ದಾಟುತ್ತಾ ಇರಬೇಕು, ಕಣ್ಣು ಮಾತ್ರ ತೀರ್ಪುಗಾರರ ಮೇಲೇ ಇರಬೇಕು. ದುಬಾರಿ ಕುದುರೆ ಇಲ್ಲದ ಮಗುವೂ ಅಲ್ಲಿ ಗೆಲ್ಲಬಹುದು.

ನಾನು ಮೊದಲ ವರ್ಷ ಕುರ್ಚಿ ಹಾಕಿದೆ. ಎರಡನೇ ವರ್ಷ ಅರ್ಜಿ ತುಂಬಿಸಿಕೊಂಡೆ. ಮೂರನೇ ವರ್ಷದಿಂದ ಶೋ ಮ್ಯಾನೇಜರ್. ನಮ್ಮದು ಚಿಕ್ಕ ಕ್ಲಬ್. ಯಾವ ದೊಡ್ಡ ಸಂಸ್ಥೆಯ ಅಂಕಪಟ್ಟಿಗೂ ಸೇರದ, ಮಕ್ಕಳಿಗೂ ಅಮೆಚೂರ್‌ಗಳಿಗೂ ಮಾತ್ರ ಮೀಸಲಾದ ಶೋ. ಅಮೆಚೂರ್ ಅಂದರೆ ದುಡ್ಡು ತೆಗೆದುಕೊಂಡು ಬೇರೆಯವರ ಕುದುರೆ ಪಳಗಿಸದವರು. ಒಬ್ಬರು ಶಾಲಾ ಬಸ್ಸು ಓಡಿಸುತ್ತಾರೆ, ಒಬ್ಬರು ದಂತವೈದ್ಯರು, ಇಬ್ಬರು ನಿವೃತ್ತ ಟೀಚರ್‌ಗಳು. ದೊಡ್ಡ ಶೋಗಳಲ್ಲಿ ಇವರಿಗೆ ಅಖಾಡ ನೋಡಿದರೇ ಕೈ ನಡುಗುತ್ತದೆ. ಇಲ್ಲಿ ನಗುತ್ತಾ ಬರುತ್ತಾರೆ. ಇದಕ್ಕಾಗಿಯೇ ನಾನು ಇಷ್ಟು ಒದ್ದಾಡುವುದು.

ಒದ್ದಾಟ ಅಂದರೆ ಒದ್ದಾಟವೇ. ತೀರ್ಪುಗಾರರನ್ನು ತಿಂಗಳುಗಟ್ಟಲೆ ಮೊದಲೇ ಗೊತ್ತು ಮಾಡಬೇಕು. ಪ್ರತಿ ಕುದುರೆಗೂ ಕಾಗಿನ್ಸ್ ರಕ್ತಪರೀಕ್ಷೆಯ ಕಾಗದ ಇದೆಯಾ ಅಂತ ಗೇಟಿನಲ್ಲೇ ನೋಡಬೇಕು. ಅದು ಕುದುರೆ ನೊಣಗಳಿಂದ ಹರಡುವ ಒಂದು ರಕ್ತದ ಕಾಯಿಲೆಯ ಪರೀಕ್ಷೆ. ಆ ಕಾಯಿಲೆಗೆ ಮದ್ದಿಲ್ಲ, ಹಾಗಾಗಿ ಅಲ್ಲಿ ದಾಕ್ಷಿಣ್ಯ ಮಾಡುವ ಹಾಗಿಲ್ಲ. ಎಲ್ಲಕ್ಕಿಂತ ಕಷ್ಟ ಅಂದರೆ ಸ್ಪರ್ಧೆಗಳ ಸಾಲು ಹಾಕುವುದು. ಒಂದೇ ಮಗು ಒಂದೇ ಕುದುರೆಯೊಂದಿಗೆ ಆರು ಸ್ಪರ್ಧೆಗೆ ಬಂದಿರುತ್ತದೆ. ವೇಷಭೂಷಣದ ಸ್ಪರ್ಧೆ ಮುಗಿಸಿ, ಕುದುರೆಯ ಬೆನ್ನಿನಿಂದ ರೆಕ್ಕೆ ಬಿಚ್ಚಿ, ಗಾಡಿ ಹೂಡುವಷ್ಟು ಹೊತ್ತು ಬೇಕು. ಆ ಹೊತ್ತು ಬಿಡದಿದ್ದರೆ ಅಪ್ಪ ಅಮ್ಮ ಅವಸರ ಮಾಡುತ್ತಾರೆ, ಮಗು ಅಳುತ್ತದೆ, ಕುದುರೆ ಬೆದರುತ್ತದೆ. ಊಟದ ಮೇಜಿನ ತುಂಬಾ ಚೀಟಿ ಹರಡಿಕೊಂಡು ನಾನು ರಾತ್ರಿಗಟ್ಟಲೆ ಅದನ್ನೇ ಜೋಡಿಸುತ್ತಿರುತ್ತೇನೆ. ನಿನ್ನ ತಂಗಿ ಮದುವೆಯಲ್ಲಿ ಪಂಕ್ತಿ ಕೂರಿಸಿದ್ದು ನೆನಪಿದೆಯಲ್ಲ, ಅದಕ್ಕಿಂತ ಕಷ್ಟ ಕಣೋ.

ಈಗ ಅಳತೆಯ ವಿಷಯ. ಅದನ್ನು ಹೇಳಲೆಂದೇ ಕೂತಿದ್ದೇನೆ.

1978ರಲ್ಲಿ ಶುರುವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್‌ನಲ್ಲಿ ಕುದುರೆಯ ಎತ್ತರ 34 ಇಂಚು ಮೀರಬಾರದು. ನಮ್ಮ ಲೆಕ್ಕದಲ್ಲಿ ಸುಮಾರು 86 ಸೆಂಟಿಮೀಟರ್. ನಮ್ಮ ಕ್ಲಬ್ಬಿನದೂ ಅದೇ ನಿಯಮ. ದೊಡ್ಡ ಕುದುರೆಗಳನ್ನು ಹೆಗಲಿನ ಎತ್ತರದ ಜಾಗದಲ್ಲಿ ಅಳೆಯುತ್ತಾರೆ. ಇವನ್ನು ಜೂಲಿನ ಕೊನೆಯ ಕೂದಲು ಇರುವ ಕಡೆ ಅಳೆಯಬೇಕು. ಅಳತೆ ಕೋಲಿಗೆ ಒಂದು ಅಡ್ಡ ತೋಳು, ಅದರಲ್ಲಿ ಗಾರೆ ಕೆಲಸದವರ ರಸಮಟ್ಟದಲ್ಲಿ ಇರುವಂಥದೇ ಗುಳ್ಳೆ. ನೆಲ ಸಮ ಇರಬೇಕು. ಕುದುರೆ ನಾಲ್ಕು ಕಾಲೂ ನೇರ ಊರಿ, ತಲೆಯನ್ನು ತನ್ನ ಪಾಡಿಗೆ ಇಟ್ಟು ನಿಲ್ಲಬೇಕು. ಗುಳ್ಳೆ ನಡುವಿಗೆ ಬಂದಾಗ ಕಂಡ ಅಂಕಿಯೇ ಎತ್ತರ.

ಅವತ್ತು ಬೆಳಗ್ಗೆ ಏಳಕ್ಕೆ ಅಳತೆ ಶುರುವಾಯಿತು. ಕೋಲು ಹಿಡಿದದ್ದು ನಮ್ಮ ಹಿರಿಯ ಸ್ಟೀವರ್ಡ್, ಅಂದರೆ ಶೋದಲ್ಲಿ ನಿಯಮ ನೋಡಿಕೊಳ್ಳುವವರು. ಪುಸ್ತಕದಲ್ಲಿ ಬರೆಯಲು ನನ್ನ ಮಗಳು ಕೂತಿದ್ದಳು. ಅವಳ ಅಕ್ಷರ ದುಂಡಗಿದೆ ಅಂತ ನಾನೇ ಕೂರಿಸಿದ್ದೆ. ಎಂಟನೆಯದಾಗಿ ಒಂದು ಕಪ್ಪು ಹೆಣ್ಣು ಕುದುರೆ ಬಂತು, ಹಣೆಯ ಮೇಲೆ ಬಿಳಿ ಚುಕ್ಕೆ. ಹಿಡಿದವಳು ಹತ್ತು ವರ್ಷದ ಹುಡುಗಿ. ನಾಲ್ಕು ಗಂಟೆ ದೂರದಿಂದ ರಾತ್ರಿಯೇ ಹೊರಟು ಬಂದಿದ್ದರು. ಕುದುರೆಯನ್ನು ಹೋದ ವರ್ಷ ಯಾರಿಂದಲೋ ಕೊಂಡಿದ್ದರಂತೆ.

ಸ್ಟೀವರ್ಡ್ ತೋಳು ಇಳಿಸಿದರು. 34 ದಾಟಿತ್ತು. ಹೆಚ್ಚೆಂದರೆ ಕಾಲು ಇಂಚು ಇರಬಹುದು. "ಇನ್ನೊಮ್ಮೆ ನೋಡೋಣ" ಅಂದರು. ಅಷ್ಟು ಸರಿ. ಕುದುರೆ ಒಂದು ಕಾಲಿನ ಮೇಲೆ ಭಾರ ಹಾಕಿದ್ದರೂ ಅಳತೆ ತಪ್ಪುತ್ತದೆ.

ಎರಡನೇ ಸಲ ತೋಳು ಬೆನ್ನಿಗೆ ಹತ್ತಿರ ಬಂತು. ಇನ್ನೂ ತಗುಲಿರಲಿಲ್ಲ. ಅಷ್ಟರಲ್ಲಿ ಆ ಕುದುರೆ ಮೈ ತಗ್ಗಿಸಿತು. ಹಿಂಗಾಲು ಒಂಚೂರು ಅಗಲಿಸಿ, ಬೆನ್ನು ಕೆಳಗೆ ಜಗ್ಗಿ, ಕಿವಿ ಹಿಂದಕ್ಕೆ ಚಪ್ಪಟೆ. ಹೊಟ್ಟೆಯ ಚರ್ಮ ಸಣ್ಣಗೆ ನಡುಗುತ್ತಿತ್ತು. ಲಾಯಗಳಲ್ಲಿ ಪಿಸುಮಾತಿನಲ್ಲಿ ಕೇಳಿದ್ದೆ, ಹೀಗೆ ಕಲಿಸುತ್ತಾರೆ ಅಂತ. ಕೋಲು ಕಂಡರೆ ಬೆನ್ನು ಒತ್ತುವುದು, ಚುಚ್ಚುವುದು, ಅದು ತಾನಾಗಿಯೇ ಬಗ್ಗುವವರೆಗೆ. ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಹುಡುಗಿಗೆ ಏನೂ ಗೊತ್ತಿರಲಿಲ್ಲ. ಅದರ ಕುತ್ತಿಗೆ ಸವರುತ್ತಾ "ಏನಿಲ್ಲ, ಏನಿಲ್ಲ" ಅನ್ನುತ್ತಿದ್ದಳು.

ಗುಳ್ಳೆ ನಡುವಿಗೆ ಬಂತು. 34. ಸ್ಟೀವರ್ಡ್ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಮಗಳು ಬರೆದಳು.

ಅವತ್ತು ಮನಸ್ಸಿಗೆ ಹೇಳಿಕೊಂಡದ್ದು ಇಷ್ಟು: ಪಾಪ, ಅಷ್ಟು ದೂರದಿಂದ ಬಂದ ಮಗು, ಕಾಲು ಇಂಚಿಗೆ ವಾಪಸ್ ಕಳಿಸುವುದಾ? ಯಾರಾದರೂ ಹಾಗೇ ಅನ್ನುತ್ತಾರೆ ಅಲ್ವಾ? ನೀನೂ ಅನ್ನುತ್ತೀಯ, ಗೊತ್ತು.

ಆದರೆ ಅದು ಪೂರ್ತಿ ನಿಜ ಅಲ್ಲ ಕಣೋ. ಆ ಹುಡುಗಿಯೂ ನನ್ನ ಮಗಳೂ 8ರಿಂದ 12ರ ಒಂದೇ ವಿಭಾಗದಲ್ಲಿದ್ದರು. ಕಪ್ಪು ಕುದುರೆಯನ್ನು ಹೊರಗಿಟ್ಟಿದ್ದರೆ, ಮಗಳಿಗೆ ದಾರಿ ಮಾಡಿಕೊಟ್ಟ ಅನ್ನುತ್ತಿದ್ದರು. ಆ ಮಾತು ನನ್ನ ತಲೆಗೆ ಮೊದಲು ಬಂತು, ಹುಡುಗಿಯ ಮುಖ ಆಮೇಲೆ ಬಂತು. ಇನ್ನೂ ಒಂದಿದೆ. ಈ ಜನರ ನಡುವೆ ಹೊರಗಿನಿಂದ ಬಂದವನು ನಾನೊಬ್ಬನೇ. ನನ್ನ ಹೆಸರು ಸರಿಯಾಗಿ ಹೇಳಲು ಅವರಿಗೆ ಇನ್ನೂ ಬರುವುದಿಲ್ಲ, ಆದರೂ ನಂಬಿ ಇಷ್ಟು ದೊಡ್ಡ ಕೆಲಸ ಕೊಟ್ಟಿದ್ದಾರೆ. ಎಲ್ಲರಿಗೂ ಒಳ್ಳೆಯವನಾಗಿಯೇ ಇರಬೇಕು ಅನ್ನುವ ಆಸೆ ನನಗೆ ಎಷ್ಟಿದೆ ಅಂತ ನನಗೇ ಗೊತ್ತಿರಲಿಲ್ಲ. ಯಾರಿಗೂ ಇಲ್ಲ ಅನ್ನಲಾಗದ ಮನುಷ್ಯನ ಕೈಗೆ ಅಳತೆ ಪುಸ್ತಕ ಕೊಟ್ಟಿದ್ದಾರೆ. ಇದನ್ನು ಇಲ್ಲಿ ಬಹಿರಂಗವಾಗಿ ಬರೆಯುವ ಧೈರ್ಯ ಬಂದದ್ದೂ ಇಲ್ಲಿಯವರಿಗೆ ಕನ್ನಡ ಓದಲು ಬರುವುದಿಲ್ಲ ಅಂತಲೇ. ಅದೂ ನನಗೆ ಗೊತ್ತು.

ಗೇಟು ಕಾಯಲು ಒಬ್ಬ ಹುಡುಗ ಇದ್ದ. ಹನ್ನೆರಡು ವರ್ಷ. ಹಿಂದಿನ ಎರಡು ವರ್ಷ ಅವನು ಸ್ಪರ್ಧಿಸಿದ್ದ. ಈ ವರ್ಷ ಅವನ ಕುದುರೆ ಬೆಳೆದುಬಿಟ್ಟಿತ್ತು. ಮನೆಯಲ್ಲಿ ಅವನೇ ಅಳೆದನಂತೆ. 34 ದಾಟಿದೆ ಅಂತ ಗೊತ್ತಾದ ಮೇಲೆ ಅರ್ಜಿ ಹಾಕಲಿಲ್ಲ. ನನಗೆ ಫೋನ್ ಮಾಡಿ, "ಬೇರೆ ಏನಾದರೂ ಕೆಲಸ ಕೊಡ್ತೀರಾ?" ಅಂತ ಕೇಳಿದ. ಗೇಟು ಕೊಟ್ಟೆ. ಇಡೀ ದಿನ ಬಿಸಿಲಲ್ಲಿ ನಿಂತು ತೆಗೆದ, ಹಾಕಿದ. ಆ ಕಪ್ಪು ಕುದುರೆ ಒಳಗೆ ಹೋಗುವಾಗಲೂ ಅವನೇ ಗೇಟು ತೆಗೆದ. "ಗುಡ್ ಲಕ್" ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ.

ಆ ಸ್ಪರ್ಧೆಯಲ್ಲಿ ಹುಡುಗಿಗೆ ನೀಲಿ ರಿಬ್ಬನ್ ಬಂತು, ನನ್ನ ಮಗಳಿಗೆ ಕೆಂಪು. ಅಮೆರಿಕದಲ್ಲಿ ನೀಲಿ ಮೊದಲು, ಕೆಂಪು ಎರಡನೆಯದು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸಾಕು. ಮಧ್ಯಾಹ್ನದ ಲಿಬರ್ಟಿ ಹೇಗಿತ್ತು ಅಂತ ಹೇಳುತ್ತೇನೆ, ಅದು ನಿನಗೆ ಇಷ್ಟವಾಗುತ್ತದೆ.

ಲಿಬರ್ಟಿಯಲ್ಲಿ ಹಗ್ಗವನ್ನೇ ಬಿಚ್ಚಿಬಿಡುತ್ತಾರೆ. ಸಂಗೀತ ಹಾಕುತ್ತಾರೆ, ಒಂದೂವರೆ ನಿಮಿಷ. ಕುದುರೆ ಅಖಾಡದ ತುಂಬಾ ತನಗೆ ಬೇಕಾದ ಹಾಗೆ ಓಡುತ್ತದೆ, ಬಾಲ ಎತ್ತಿ, ಜೂಲು ಹಾರಿಸಿ. ಸಂಗೀತ ನಿಂತ ಮೇಲೆ ಗೊತ್ತಾದ ಸಮಯದೊಳಗೆ ಮಗು ಅದನ್ನು ಹಿಡಿದು ಮತ್ತೆ ಹಗ್ಗ ಹಾಕಬೇಕು. ಅಟ್ಟಿಸಿಕೊಂಡು ಹೋದರೆ ಕುದುರೆ ಸಿಗುವುದಿಲ್ಲ. ಅದಕ್ಕೇ ಮನಸ್ಸು ಬಂದು ಹತ್ತಿರ ಬರಬೇಕು.

ನಮ್ಮ ಬೆಲ್ಲ ಮೊದಲ ಅರ್ಧ ನಿಮಿಷ ಚೆನ್ನಾಗಿ ಓಡಿದಳು. ಆಮೇಲೆ ಮೂಲೆಯಲ್ಲಿ ಮಲಗಿ ಹೊರಳಾಡಿದಳು. ಬೆಳಗ್ಗೆ ಎರಡು ಗಂಟೆ ಮಗಳು ತಿಕ್ಕಿ ತೊಳೆದ ಮೈ! ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗಳು ನಕ್ಕು ನಕ್ಕು ನೆಲಕ್ಕೆ ಕೂತಳು. ಅವಳು ಕೂತದ್ದು ನೋಡಿ ಬೆಲ್ಲ ತಾನೇ ಎದ್ದು ಬಂದು ಅವಳ ಟೋಪಿ ಮೂಸಿದಳು.

ಕಪ್ಪು ಕುದುರೆ ಓಡಿದ್ದು ಬೇರೆ ಥರ. ಬೆಳಗ್ಗೆ ಕೋಲಿನ ಕೆಳಗೆ ಕುಗ್ಗಿದ್ದ ಪ್ರಾಣಿ ಅದೇ ಅಂದರೆ ನೀನು ನಂಬುತ್ತಿರಲಿಲ್ಲ. ಕುತ್ತಿಗೆ ಎತ್ತಿ, ನೆಲ ಮುಟ್ಟದ ಹಾಗೆ ಓಡಿತು. ಸಂಗೀತ ನಿಂತಾಗ ಆ ಹುಡುಗಿ ಅಲ್ಲಾಡಲಿಲ್ಲ, ಕೈ ಕೆಳಗೆ ಬಿಟ್ಟು ಸುಮ್ನೆ ನಿಂತಳು. ಕುದುರೆ ಒಂದು ಸುತ್ತು ಬಂದು ನೇರ ಅವಳ ಹತ್ತಿರ ಹೋಯಿತು, ಹಣೆಯ ಚುಕ್ಕೆಯನ್ನು ಅವಳ ಎದೆಗೆ ಒತ್ತಿ ನಿಂತಿತು. ಪೂರ್ತಿ ಎತ್ತರಕ್ಕೆ ನಿಂತಿತ್ತು. ಅಷ್ಟು ದೂರದಿಂದಲೂ ನನಗೆ ಕಾಣುತ್ತಿತ್ತು.

ರಾತ್ರಿ ಮನೆಗೆ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು, "ಅಪ್ಪಾ, ಆ ಕುದುರೆ ಯಾಕೆ ಬಗ್ಗಿತು?" ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ನೋವಾಗಿರುತ್ತೆ ಅಲ್ವಾ?" ಅಂದಳು. ರಿಬ್ಬನ್ ವಿಷಯ ಎತ್ತಲೇ ಇಲ್ಲ. ಮರುದಿನ ಲೆಕ್ಕ ಮಾಡಲು ಅಳತೆ ಪುಸ್ತಕ ತೆಗೆದೆ. ಎಂಟನೇ ಸಾಲಿನಲ್ಲಿ ದುಂಡಗೆ 34. ನಾಲ್ಕರ ಕಾಲಿನ ಕೊನೆಯಲ್ಲಿ ಶಾಯಿ ಹರಡಿ ಒಂದು ದಪ್ಪ ಚುಕ್ಕೆಯಾಗಿತ್ತು. ಬರೆದ ಮೇಲೂ ಅವಳು ಪೆನ್ನು ಎತ್ತಿರಲಿಲ್ಲ.

ಆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ. ಕುದುರೆಗೆ ಯಾರೋ ಏನೋ ಮಾಡಿದ್ದಾರೆ, ಕೋಲು ಕಂಡರೆ ಹೆದರುತ್ತದೆ ಅಂದೆ. ಅಂಕಿ ತಪ್ಪಾಗಿತ್ತು, ತಪ್ಪು ನನ್ನದು ಅಂತಲೂ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ರಿಬ್ಬನ್ ಅಂಚೆಯಲ್ಲಿ ಕಳಿಸಲಾ ಅಂತ ಕೇಳಿದರು. ಬೇಡ ಅನ್ನಲು ಬಾಯಿ ತೆರೆದಿದ್ದೆ. ಮುಚ್ಚಿದೆ. "ಕಳಿಸಿ" ಅಂದೆ. ಗೆಳೆಯಾ, ಈ ವರ್ಷ ನಾನು ಆಡಿದ ಅತಿ ಕಷ್ಟದ ಮಾತು ಅದು.

ಅಮೆರಿಕನ್ ಮಿನಿಯೇಚರ್ ಹಾರ್ಸ್ ರಿಜಿಸ್ಟ್ರಿ ಅಂತ ಇನ್ನೊಂದು ಸಂಸ್ಥೆ ಇದೆ. ಅಲ್ಲಿ ಎರಡು ವಿಭಾಗ. 34 ಇಂಚಿನವರೆಗೆ ಎ, ಅದರ ಮೇಲೆ 38ರವರೆಗೆ ಬಿ. ಮುಂದಿನ ಶೋಗೆ ನಮ್ಮಲ್ಲೂ ಬಿ ವಿಭಾಗ ಮಾಡೋಣ ಅಂತ ಕ್ಲಬ್ಬಿಗೆ ಬರೆದುಕೊಟ್ಟಿದ್ದೇನೆ. ಅಳತೆಯ ಮೇಜಿಗೆ ಆ ದಿನ ಮಕ್ಕಳನ್ನು ಸ್ಪರ್ಧೆಗೆ ಇಳಿಸದ ಯಾರನ್ನಾದರೂ ಕೂರಿಸಿ ಅಂತಲೂ ಬರೆದಿದ್ದೇನೆ. ಒಪ್ಪಿದರೆ ಕಪ್ಪು ಕುದುರೆಯೂ ಬರುತ್ತದೆ, ಗೇಟಿನ ಹುಡುಗನ ಕುದುರೆಯೂ ಬರುತ್ತದೆ. ಭಾನುವಾರ ಅವನ ಮನೆಗೆ ಹೋಗುತ್ತಿದ್ದೇನೆ. ಮಗಳೂ ಬರುತ್ತಾಳಂತೆ.

ಅದಿರಲಿ, ಅವಳದೊಂದು ಬೇಡಿಕೆ ಇದೆ. ಮುಂದಿನ ಲಿಬರ್ಟಿಗೆ ಬೆಲ್ಲಳಿಗೆ ಹೊಸ ಸಂಗೀತ ಬೇಕಂತೆ, ಡೊಳ್ಳಿನದೇ ಆಗಬೇಕಂತೆ, ನೀನೇ ಬಾರಿಸಿ ಕಳಿಸಬೇಕಂತೆ. ಒಂದೂವರೆ ನಿಮಿಷ ಕಣೋ, ಅದಕ್ಕಿಂತ ಒಂದು ಸೆಕೆಂಡೂ ಜಾಸ್ತಿ ಬೇಡ. ಕಾಲೇಜ್ ಡೇಯಲ್ಲಿ ನಿನ್ನನ್ನು ನಿಲ್ಲಿಸಲು ನಾವು ಪಟ್ಟ ಪಾಡು ನನಗೆ ನೆನಪಿದೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನವನೇ