ಮೇಪಲ್ ಬೇಡ, ಡೇರೆ–ಸೇವಂತಿಗೆ ನೆಡಿ

ಮಾನ್ಯರೇ,

ವಿದೇಶದ ತೋಟಗಳ ಚಿತ್ರ ನೋಡಿ ಕೆಂಪೆಲೆಯ ಆಸೆಗೆ ಮೇಪಲ್ ಸಸಿ ತರಿಸುವವರಿಗೆ ಒಂದು ಮಾತು. ಅದರ ಎಲೆ ಬಣ್ಣ ತಿರುಗಲು ಹಗಲು ತೀರಾ ಗಿಡ್ಡವಾಗಬೇಕು, ರಾತ್ರಿ ಕೊರೆಯುವ ಚಳಿ ಬೀಳಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎರಡು ತಾಸಿನ ಅಂತರವೂ ಇಲ್ಲ. ಎಲೆ ಕೆಂಪೇರಿ ಉದುರುವುದನ್ನೇ ನೋಡಬೇಕೆಂದರೆ ಕಾರವಾರದ ಕಡಲಂಚಿನಲ್ಲಿ ಕಾಡುಬಾದಾಮಿಯಿದೆ, ಅದು ಅಂಗಳದಲ್ಲಿ ಹಿಡಿಸುವ ಮರವಲ್ಲ. ಮನೆಗೆ ಕ್ರೋಟನ್ ಸಾಕು. ಅದನ್ನು ಮಾಡಿನ ನೆರಳಿಗೆ ಇಡಬೇಡಿ, ಬಣ್ಣ ಹೋಗಿ ಹಸಿರಾಗುತ್ತದೆ.

ಹೂದಾನಿಗೆ ಘಟ್ಟದ ಮೇಲೆ ಡೇರೆಯೇ (ಡೇಲಿಯಾ) ಮೊದಲು. ಗಡ್ಡೆ ಬೇರ್ಪಡಿಸುವಾಗ ಪ್ರತಿಯೊಂದಕ್ಕೂ ಹಳೆ ಕಾಂಡದ ಬುಡ, ಅದರಲ್ಲೊಂದು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಇರಲೇಬೇಕು. ಎಷ್ಟೇ ದಪ್ಪವಿರಲಿ, ಕಣ್ಣಿಲ್ಲದ ಗಡ್ಡೆ ಚಿಗುರದೆ ಮಣ್ಣಲ್ಲೇ ಕೊಳೆಯುತ್ತದೆ. ಮೇ ಕೊನೆಗೆ ಒಂದಡಿ ಎತ್ತರದ ಮಡಿ ಮಾಡಿ ನಾಲ್ಕಿಂಚು ಆಳಕ್ಕೆ ನೆಡಿ, ಗಿಡದಿಂದ ಗಿಡಕ್ಕೆ ಎರಡಡಿ ಬಿಡಿ. ಆಸರೆಯ ಅಡಿಕೆ ದಬ್ಬೆಯನ್ನು ಆಗಲೇ ಹುಗಿಯಬೇಕು; ಗಿಡ ವಾಲಿದ ಮೇಲೆ ಹೊಡೆದರೆ ಗಡ್ಡೆ ಸೀಳುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ದೊಡ್ಡ ಹೂ ಬೇಕಿದ್ದರೆ ನಡುಮೊಗ್ಗು ಉಳಿಸಿ ಪಕ್ಕದ ಎರಡನ್ನು ತೆಗೆಯಿರಿ. ಎಳೆ ಚಿಗುರಿಗೆ ಬಸವನಹುಳದ ಕಾಟ ಇದ್ದದ್ದೇ, ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ಉಪಾಯ.

ಮಳೆ ಬಿಟ್ಟ ಮೇಲೆ ಬೂದಿರೋಗ ಬರುತ್ತದೆ, ಎಲೆಯ ಮೇಲೆ ಬಿಳಿ ಪುಡಿ ಕೂರುತ್ತದೆ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನೇ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಇದಕ್ಕೂ ಸಿಂಪಡಿಸುವವರಿದ್ದಾರೆ. ಅಡಿಕೆಯ ಕೊಳೆರೋಗಕ್ಕೆ ಅದು ಮದ್ದು, ಬೂದಿಗೆ ಅಷ್ಟಾಗಿ ನಾಟುವುದಿಲ್ಲ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ಸಂಜೆ ಹೊಡೆಯಿರಿ. ಸುಡುಬಿಸಿಲಲ್ಲಿ ಹೊಡೆದರೆ ಎಲೆ ಕರಕಲಾಗುತ್ತದೆ.

ಡೇರೆ ಮೊಗ್ಗು ಕೊಯ್ದ ಮೇಲೆ ಅರಳುವುದಿಲ್ಲ. ಮುಕ್ಕಾಲು ಪಾಲು ಬಿರಿದದ್ದನ್ನು ಬೆಳಗಿನ ತಂಪಲ್ಲಿ ಕೊಯ್ದು, ದಂಟಿನ ತುದಿ ಎರಡಿಂಚನ್ನು ಕೈ ತಡೆಯದಷ್ಟು ಬಿಸಿ ನೀರಲ್ಲಿ ಅದ್ದಿ, ನೀರು ತಣಿಯುವವರೆಗೆ ಬಿಡಿ. ದಿನಾ ನೀರು ಬದಲಿಸಿದರೆ ನಾಲ್ಕೈದು ದಿನ ಇರುತ್ತದೆ.

ಅದಕ್ಕಿಂತ ಹೆಚ್ಚು ಬಾಳಿಕೆ ಸೇವಂತಿಗೆಯದು. ಗೊಬ್ಬರ ಎಷ್ಟು ಹಾಕಿದರೂ ಮೊಗ್ಗಿಲ್ಲ ಎಂಬ ದೂರು ಅದರ ಮೇಲೆಯೇ ಹೆಚ್ಚು. ಅಂಥ ಗಿಡದ ಹತ್ತಿರ ರಾತ್ರಿಯಿಡೀ ಉರಿಯುವ ದೀಪವಿದೆಯೇ ನೋಡಿ. ಸೇವಂತಿಗೆ ಮೊಗ್ಗು ಕಟ್ಟುವುದು ಉದ್ದನೆಯ, ಕಡಿಯದ ಕತ್ತಲೆಗೆ. ನಡುರಾತ್ರಿ ಬೆಳಕು ಬಿದ್ದರೆ ರಾತ್ರಿ ಎರಡು ತುಂಡಾದಂತೆ, ಗಿಡ ಬರೀ ಎಲೆ ಹಾಕುತ್ತ ಹೋಗುತ್ತದೆ. ಹೂವನ್ನು ಮುಂದೂಡಲು ದೊಡ್ಡ ಬೆಳೆಗಾರರು ಬೇಕೆಂದೇ ಬಲ್ಬು ಉರಿಸುವುದುಂಟು. ನಾವು ಅಂಗಳದ ಎಲ್‌ಇಡಿಯಿಂದ ಬೇಡದೆಯೂ ಅದನ್ನೇ ಮಾಡುತ್ತೇವೆ. ಆಗಸ್ಟ್‌ನಿಂದಲೇ ಕುಂಡಗಳನ್ನು ಮನೆಯ ಹಿಂಬದಿಗೆ, ಹಗಲು ಬಿಸಿಲೂ ರಾತ್ರಿ ಪೂರ್ತಿ ಕತ್ತಲೆಯೂ ಇರುವ ಕಡೆ ಸರಿಸಿ, ಚಿವುಟುವುದನ್ನೂ ಆಗ ನಿಲ್ಲಿಸಿ. ಡಿಸೆಂಬರಿನಲ್ಲಿ ಕೆಂಪಾಗುವ ಪಾಯಿನ್ಸೆಟಿಯಾಕ್ಕೂ ಇದೇ ನಿಯಮ.

ಕುಮಟಾ, ಅಂಕೋಲಾ ಕಡೆಯ ಸೆಕೆಗೆ ಡೇರೆ ಸೊರಗುತ್ತದೆ. ಅಲ್ಲಿ ಗೊಂಡೆ (ಚೆಂಡುಹೂ) ಮತ್ತು ಕೋಳಿಜುಟ್ಟು ಸಲೀಸು. ದೀಪಾವಳಿಗೆ ಗೊಂಡೆ ಬೇಕಿದ್ದರೆ ಆಗಸ್ಟ್ ಮೊದಲ ವಾರ ಬೀಜ ಹಾಕಬೇಕು, ಅದೂ ಮಾಡಿನ ಕೆಳಗೆ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ. ಬಯಲಲ್ಲಿ ಹಾಕಿದರೆ ಮಳೆಗೆ ಸಸಿಯ ಬುಡ ಕೊಳೆಯುತ್ತದೆ. ಮೂರ್ನಾಲ್ಕು ವಾರಕ್ಕೆ ಕಿತ್ತು ನೆಟ್ಟರೆ, ಅಲ್ಲಿಂದ ಸುಮಾರು ಎರಡು ತಿಂಗಳಿಗೆ ಹೂ.

ಹೂತೋಟದ ಲೇಖನಗಳು ಹಬ್ಬದ ವಾರದಲ್ಲಿ ಬಂದರೆ ಓದಿದವರು ಪೇಟೆಗೆ ಹೋಗಿ ಮಾರು ಲೆಕ್ಕದಲ್ಲಿ ಹೂ ಕೊಳ್ಳುವುದು ಬಿಟ್ಟು ಮತ್ತೇನೂ ಮಾಡುವಂತಿಲ್ಲ. ದಯವಿಟ್ಟು ಮೇ ತಿಂಗಳಲ್ಲೇ ಪ್ರಕಟಿಸಿ.

— ಓದುಗರೊಬ್ಬರು, ಶಿರಸಿ