ಟ್ರೇಲರ್ ನೋಡಿ ಅತ್ತವರ ಪರವಾಗಿ: ಗೆಳೆಯನಿಗೊಂದು ಪತ್ರ

ಬೆಂಗಳೂರು
31 ಆಗಸ್ಟ್ 2025

ಪ್ರಿಯ ಗೆಳೆಯ,

ಗಣೇಶನ ಹಬ್ಬದ ದಿನ ಊಟವಾದ ಮೇಲೆ ನೀನು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, "ಇವರಿಗೆಲ್ಲ ಏನಾಗಿದೆ?" ಎಂದು ಕೇಳಿದೆ. ಗಡ್ಡ ಮೀಸೆ ಬಂದವರು, ಕೆಲಸಕ್ಕೆ ಹೋಗುವವರು, ಪರದೆಯ ಮೇಲೆ ಒಂದು ತಾರೀಖು ಮೂಡಿದ ಕೂಡಲೇ ಕುರ್ಚಿಯಿಂದ ಎದ್ದು ಕಿರುಚುತ್ತಿದ್ದರು. ಒಬ್ಬ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮನೆ ತುಂಬ ನೆಂಟರಿದ್ದ ಆ ಗದ್ದಲದಲ್ಲಿ ನಿನಗೆ ಉತ್ತರ ಹೇಳುವುದು ಸಾಧ್ಯವಾಗಲಿಲ್ಲ. ಈಗ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಕೆಲವರೂ ಕೇಳಿದ್ದಾರೆ, ಆದ್ದರಿಂದ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಿನ್ನ ಅಭ್ಯಂತರ ಇರಲಾರದು ಎಂದುಕೊಂಡಿದ್ದೇನೆ.

ಅವರು ನೋಡುತ್ತಿದ್ದದ್ದು 'ಹಾಲೋ ನೈಟ್: ಸಿಲ್ಕ್‌ಸಾಂಗ್' ಎಂಬ ವಿಡಿಯೊ ಗೇಮಿನ ಟ್ರೇಲರ್. ಆಗಸ್ಟ್ 21ರಂದು, ನಮ್ಮಲ್ಲಿ ರಾತ್ರಿ ಎಂಟು ಗಂಟೆಗೆ ಬಂತು. ಆಟವನ್ನು ಮಾಡುತ್ತಿರುವವರ ಊರಾದ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಆಗ ನಡುರಾತ್ರಿ. ಕೊನೆಯಲ್ಲಿ ಕಂಡ ಬಿಡುಗಡೆಯ ತಾರೀಖು ಸೆಪ್ಟೆಂಬರ್ 4. ಅಂದರೆ ಎರಡೇ ವಾರ. ಆಟವನ್ನು ಮೊದಲ ಬಾರಿಗೆ ಘೋಷಿಸಿದ್ದು 2019ರ ಫೆಬ್ರವರಿ 14ರಂದು. ನನ್ನ ತಂಗಿ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಈಗ ಇಂಜಿನಿಯರಿಂಗ್ ಕೊನೆಯ ವರ್ಷ. ಅಷ್ಟು ಕಾಲ ಕಾಯಿಸಿದವರು ಇನ್ನು ಎರಡು ವಾರದಲ್ಲಿ ಕೈಗೆ ಕೊಡುತ್ತೇವೆ ಎಂದಾಗ ಜನರಿಗೆ ದಿಕ್ಕೇ ತೋಚಲಿಲ್ಲ. ಸಾಮಾನ್ಯವಾಗಿ ದೊಡ್ಡ ಆಟಗಳ ತಾರೀಖನ್ನು ತಿಂಗಳುಗಟ್ಟಲೆ ಮುಂಚೆ ಹೇಳಿ, ಆಮೇಲೆ ಅದನ್ನೂ ಮುಂದೂಡುತ್ತಾರೆ. ಜಾತ್ರೆಯಲ್ಲಿ ಬೆಳಗಿನಿಂದ ಬಿಸಿಲಿನಲ್ಲಿ ನಿಂತವರು ತೇರಿನ ಗಾಲಿ ಕದಲಿದ ಕ್ಷಣ ಒಮ್ಮೆಲೇ ಕೂಗುತ್ತಾರಲ್ಲ, ಯಾಕೆ ಕಣ್ಣು ತುಂಬಿತು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಆ ಹುಡುಗ ಅತ್ತದ್ದು ಹಾಗೆಯೇ.

ಆದರೆ ನಿನಗೆ ಇಷ್ಟೇ ಹೇಳಿದರೆ ಸಾಲದು. ತಡವಾಗಿ ಬಂದ ಆಟಗಳು ಬೇಕಾದಷ್ಟಿವೆ, ಅವುಗಳ ಸುತ್ತ ಕಹಿಯೂ ಬೇಕಾದಷ್ಟಿದೆ. ಇಲ್ಲಿ ಕಹಿ ಇರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು.

ಸಿಲ್ಕ್‌ಸಾಂಗ್ ಎರಡನೆಯ ಆಟ, ಆದ್ದರಿಂದ ಮೊದಲ ಆಟದಿಂದ ಶುರುಮಾಡುತ್ತೇನೆ. 'ಹಾಲೋ ನೈಟ್' ಮಾಡಿದ್ದು ಟೀಮ್ ಚೆರ್ರಿ ಎಂಬ ಪುಟ್ಟ ತಂಡ. ಆರಿ ಗಿಬ್ಸನ್ ಮತ್ತು ವಿಲಿಯಂ ಪೆಲ್ಲೆನ್ ಅದನ್ನು ಕಟ್ಟಿದವರು. ಜ್ಯಾಕ್ ವೈನ್ ಪ್ರೋಗ್ರಾಮಿಂಗ್ ಮಾಡುವವರು. ಸಂಗೀತ ಅದೇ ಊರಿನ ಕ್ರಿಸ್ಟೋಫರ್ ಲಾರ್ಕಿನ್ ಅವರದು. 2014ರ ನವೆಂಬರ್‌ನಲ್ಲಿ ಅವರು ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಕೇಳಿದರು. ಬೇಕೆಂದದ್ದು 35,000 ಆಸ್ಟ್ರೇಲಿಯನ್ ಡಾಲರ್, ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿ ಕೊಟ್ಟದ್ದು 57,000ಕ್ಕೂ ಹೆಚ್ಚು. 2017ರ ಫೆಬ್ರವರಿ 24ರಂದು ಆಟ ಬಂತು. ಆಮೇಲೆ ಒಂದೂವರೆ ಕೋಟಿ ಪ್ರತಿಗಳು ಮಾರಾಟವಾದವು.

ಆಟದಲ್ಲಿ ನೀನು ಒಂದು ಪುಟ್ಟ ಹುಳು. ಮಾತಿಲ್ಲ, ಹೆಸರಿಲ್ಲ, ಕೈಯಲ್ಲೊಂದು ಮೊಳೆಯಂಥ ಕತ್ತಿ. ಡರ್ಟ್‌ಮೌತ್ ಎಂಬ ಪಾಳುಬಿದ್ದ ಊರಿನ ಬಾವಿಯೊಳಗೆ ಇಳಿದರೆ ಕೆಳಗೆ ಹ್ಯಾಲೋನೆಸ್ಟ್ ಎಂಬ ಹುಳುಗಳ ಸಾಮ್ರಾಜ್ಯ, ಅದೂ ಹಾಳಾಗಿದೆ. ಯಾರೂ ದಾರಿ ತೋರಿಸುವುದಿಲ್ಲ. ನಕ್ಷೆ ಬರೆಯುವ ಕಾರ್ನಿಫರ್ ಎಂಬವನೊಬ್ಬ ಎಲ್ಲೋ ಗುನುಗುತ್ತ ಕುಳಿತಿರುತ್ತಾನೆ. ಅವನು ಬೀಳಿಸಿಕೊಂಡು ಹೋದ ಕಾಗದದ ಚೂರುಗಳನ್ನು ಗಮನಿಸಿ, ಗುನುಗು ಕೇಳಿಸಿದ ಕಡೆಗೆ ಹೋಗಿ ಅವನನ್ನು ಹುಡುಕಬೇಕು. ನೆಲದಡಿಯ ಒಂದು ನಗರದಲ್ಲಿ ಮಳೆ ನಿಲ್ಲುವುದೇ ಇಲ್ಲ. ಮೇಲಿರುವ ಸರೋವರದ ನೀರು ಇಳಿಯುತ್ತಿರುವುದು ಎಂದು ಬಹಳ ಹೊತ್ತಿನ ಮೇಲೆ ನಿನಗೇ ತಿಳಿಯುತ್ತದೆ. ಸತ್ತರೆ ನಿನ್ನ ನೆರಳು ಸತ್ತ ಜಾಗದಲ್ಲೇ ಉಳಿಯುತ್ತದೆ. ಕಳೆದುಕೊಂಡ ಹಣ ಬೇಕಾದರೆ ಮರಳಿ ಅಲ್ಲಿಗೇ ಹೋಗಿ ಆ ನೆರಳಿನೊಡನೆ ಹೋರಾಡಬೇಕು. ಎಲ್ಲ ಚಿತ್ರಗಳೂ ಕೈಯಿಂದ ಬರೆದವು. ಇಷ್ಟು ಕಠಿಣವಾದ ಆಟದಲ್ಲಿ ಇಷ್ಟೊಂದು ಮಮತೆ ಎಲ್ಲಿಂದ ಬಂತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ನಾವಿಬ್ಬರೂ ಅಣ್ಣ ತಂಗಿ ಜಗಳವಾಡದೆ ಸೇರಿ ಮಾಡಿದ ಕೆಲಸಗಳು ಕಡಿಮೆ. ಇದು ಅವುಗಳಲ್ಲಿ ಒಂದು. ನಾನು ಆಡುತ್ತಿದ್ದೆ, ಅವಳು ಗಣಿತದ ನೋಟ್‌ಪುಸ್ತಕದ ಹಿಂದಿನ ಹಾಳೆಗಳಲ್ಲಿ ಯಾವ ಬಾಗಿಲು ಇನ್ನೂ ತೆರೆದಿಲ್ಲ ಎಂದು ಬರೆದಿಡುತ್ತಿದ್ದಳು.

ಆ ಆಟದಲ್ಲಿ ಹಾರ್ನೆಟ್ ಎಂಬವಳು ಬರುತ್ತಾಳೆ. ಕೆಂಪು ನಿಲುವಂಗಿ, ಸೂಜಿ, ದಾರ. ದಾರಿಗೆ ಅಡ್ಡ ನಿಂತು ನಿನ್ನೊಡನೆ ಕಾದಾಡುತ್ತಾಳೆ, ಬಹುಮಂದಿ ಮೊದಲ ಬಾರಿ ಚೆನ್ನಾಗಿ ಸೋಲುವುದು ಅವಳ ಕೈಯಲ್ಲೇ. ಹಣ ಸಂಗ್ರಹಿಸುವಾಗ ತಂಡದವರು ಒಂದು ಮಾತು ಕೊಟ್ಟಿದ್ದರು: ಇಷ್ಟು ಹಣ ಸೇರಿದರೆ ಎರಡನೆಯ ಪಾತ್ರವೊಂದನ್ನು ಆಡಲು ಕೊಡುತ್ತೇವೆ ಎಂದು. ಆ ಪಾತ್ರವೇ ಹಾರ್ನೆಟ್. ಮೊದಲ ಆಟಕ್ಕೆ ಸೇರಿಸುವ ಒಂದು ಹೆಚ್ಚುವರಿ ಭಾಗವಾಗಬೇಕಿದ್ದದ್ದು ಕೈಯಲ್ಲಿ ಬೆಳೆಯುತ್ತ ಬೆಳೆಯುತ್ತ ಇನ್ನೊಂದು ಪೂರ್ಣ ಆಟವಾಯಿತು, ಅದೇ ಸಿಲ್ಕ್‌ಸಾಂಗ್. 2014ರಲ್ಲಿ ಹಣ ಕೊಟ್ಟವರಿಗೆಲ್ಲ ಅದನ್ನು ಉಚಿತವಾಗಿ ಕೊಡುತ್ತೇವೆ ಎಂದು ಘೋಷಣೆಯ ದಿನವೇ ಹೇಳಿದರು. ಆ ಮಾತು ಈಗಲೂ ನಿಂತಿದೆ.

ಇನ್ನು ಕಾಯುವಿಕೆಯ ಕಥೆ. 2019ರ ಜೂನ್‌ನಲ್ಲಿ ಅಮೆರಿಕದ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ಸ್ವಲ್ಪ ಆಡಿಸಿ ತೋರಿಸಿದರು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಯಂತ್ರವಾದ ಎಕ್ಸ್‌ಬಾಕ್ಸ್‌ನ ಕಾರ್ಯಕ್ರಮದಲ್ಲಿ ಹೊಸ ಟ್ರೇಲರ್ ಬಂತು. ಅಲ್ಲಿ ತೋರಿಸಿದ್ದೆಲ್ಲ ಹನ್ನೆರಡು ತಿಂಗಳೊಳಗೆ ಆಡಲು ಸಿಗುತ್ತದೆ ಎಂದು ಆ ವೇದಿಕೆಯಲ್ಲಿ ಹೇಳಲಾಗಿತ್ತು. ಸಿಗಲಿಲ್ಲ. 2023ರ ಮೇ ತಿಂಗಳಲ್ಲಿ, ಆಟ ಬಹಳ ದೊಡ್ಡದಾಗಿದೆ, ಇನ್ನೂ ಸಮಯ ಬೇಕು ಎಂಬ ಸಣ್ಣ ಪ್ರಕಟಣೆ. ಅದರ ನಂತರ ಬಹುತೇಕ ಮೌನ.

ಮಾಡುವವರು ಮೌನವಾದಾಗ ಕಾಯುವವರು ಮಾತಾಡಿದರು. ಒಬ್ಬ ಅಭಿಮಾನಿ ಯೂಟ್ಯೂಬಿನಲ್ಲಿ ದಿನಕ್ಕೊಂದು ವಿಡಿಯೊ ಹಾಕತೊಡಗಿದ. ಅದರಲ್ಲಿ ಇರುತ್ತಿದ್ದ ಸುದ್ದಿ, ಇವತ್ತು ಸಿಲ್ಕ್‌ಸಾಂಗ್ ಬಗ್ಗೆ ಯಾವ ಸುದ್ದಿಯೂ ಇಲ್ಲ ಎಂಬುದು. ಅದನ್ನು ವರ್ಷಗಟ್ಟಲೆ ಮಾಡಿದ, ಜನರೂ ವರ್ಷಗಟ್ಟಲೆ ಹೋಗಿ ನೋಡಿದರು. ದೊಡ್ಡ ಕಾರ್ಯಕ್ರಮ ಯಾವುದೇ ಇರಲಿ, ಹಿಂದಿನ ದಿನ ಅಭಿಮಾನಿಗಳು ಕೋಡಂಗಿಯ ಬಣ್ಣ ಹಚ್ಚಿದ ಮುಖಗಳ ಚಿತ್ರ ಹಾಕುತ್ತಿದ್ದರು: ನಾಳೆ ಖಂಡಿತ ಬರುತ್ತದೆ ಎಂದು ನಂಬುವ ನಾವು ಇವರೇ, ಎಂದು. ಈ ವರ್ಷದ ಜನವರಿಯಲ್ಲಿ ಪೆಲ್ಲೆನ್ ತಮ್ಮ ಖಾತೆಯ ಚಿತ್ರವನ್ನು ಒಂದು ಚಾಕೊಲೇಟ್ ಕೇಕಿನ ಚಿತ್ರಕ್ಕೆ ಬದಲಿಸಿ, ದೊಡ್ಡದೇನೋ ಬರಲಿದೆ ಎಂದು ಬರೆದರು. ಆ ಕೇಕಿನ ಚಿತ್ರ ಯಾವ ಪಾಕವಿಧಾನದ್ದು ಎಂದು ಜನ ಹುಡುಕಿ ತೆಗೆದರು. ಅದು ಪ್ರಕಟವಾದದ್ದು ಏಪ್ರಿಲ್ 2ರಂದು ಎಂದು ಕಂಡುಕೊಂಡು, ಇದೇ ಸುಳಿವು ಎಂದರು. ಸುಳಿವು ಗಿಳಿವು ಏನೂ ಇಲ್ಲ ಎಂದು ತಂಡದ ಕಡೆಯಿಂದ ಉತ್ತರ ಬಂತು. ಆದರೆ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಹೊಸ ಯಂತ್ರದ ಕಾರ್ಯಕ್ರಮಕ್ಕೆ ಇಟ್ಟ ದಿನ ಅದೇ ಏಪ್ರಿಲ್ 2. ಆ ದಿನ ಸಿಲ್ಕ್‌ಸಾಂಗ್‌ನ ಕೆಲವು ಕ್ಷಣಗಳ ತುಣುಕು ನಿಜವಾಗಿಯೂ ತೆರೆಗೆ ಬಂತು, 2025 ಎಂಬ ಇಸವಿಯೊಂದಿಗೆ! ಅಂದು ತಂಗಿ ನನಗೆ ಫೋನು ಮಾಡಿ ಮಾತೇ ಆಡದೆ ನಗುತ್ತಿದ್ದಳು.

ಈ ತಮಾಷೆಗಳನ್ನೆಲ್ಲ ನಾನು ತಾಳ್ಮೆಯ ಇನ್ನೊಂದು ರೂಪ ಎಂದೇ ತಿಳಿದಿದ್ದೇನೆ. ಸಿಟ್ಟಾಗುವುದು ಸುಲಭವಿತ್ತು. ಸಿಟ್ಟಾದವರೂ ಇದ್ದರು. ಬಹುಮಂದಿ ಅದರ ಬದಲು ಒಬ್ಬರನ್ನೊಬ್ಬರು ನಗಿಸಿಕೊಂಡು ಕಾಲ ತಳ್ಳಿದರು.

ಒಂದು ವಿಷಯದಲ್ಲಿ ಮಾತ್ರ ನನಗೆ ಈ ಅಭಿಮಾನಿಗಳ ಮೇಲೆ ನಿಜವಾದ ಬೇಸರವಿದೆ, ಅದನ್ನೂ ಹೇಳಬೇಕು. ಯಾವ ಕಾರ್ಯಕ್ರಮದ ನೇರಪ್ರಸಾರ ತೆರೆದರೂ ಪಕ್ಕದ ಸಂಭಾಷಣೆಯ ಪಟ್ಟಿಯಲ್ಲಿ 'ಸಿಲ್ಕ್‌ಸಾಂಗ್ ಎಲ್ಲಿ' ಎಂಬುದೇ ಹೊಳೆಯಾಗಿ ಹರಿಯುತ್ತಿತ್ತು. ಮೂರೋ ನಾಲ್ಕೋ ಜನರ ಇನ್ನೊಂದು ತಂಡ ವರ್ಷಗಳ ದುಡಿಮೆಯನ್ನು ಒಂದು ನಿಮಿಷದಲ್ಲಿ ತೋರಿಸುತ್ತಿರುವಾಗ ಅದರ ಮೇಲೆ ಹೀಗೆ ಕೂಗುವುದು ಕ್ರೂರ. ಟೀಮ್ ಚೆರ್ರಿಯೂ ಒಂದು ಕಾಲಕ್ಕೆ ಯಾರಿಗೂ ಗೊತ್ತಿಲ್ಲದ ಅಂಥದೇ ತಂಡವಾಗಿತ್ತು. ಈಗ ನೋಡು, ತಾರೀಖು ಗೊತ್ತಾದ ಮೇಲೆ ಸಣ್ಣ ತಂಡಗಳು ಒಂದೊಂದಾಗಿ ದಾರಿ ಬಿಡುತ್ತಿವೆ. 'ಡೆಮನ್‌ಸ್ಕೂಲ್' ಎಂಬ ಆಟ ಸೆಪ್ಟೆಂಬರ್ 3ಕ್ಕೆ ಬರಬೇಕಿತ್ತು, ಅದನ್ನು ನವೆಂಬರ್ 19ಕ್ಕೆ ಹಾಕಿಕೊಂಡರು. 'ಬೇಬಿ ಸ್ಟೆಪ್ಸ್' ಸೆಪ್ಟೆಂಬರ್ 8ರಿಂದ 23ಕ್ಕೆ ಹೋಯಿತು. ಎರಡು ವಾರದ ಮುನ್ಸೂಚನೆ ನಮಗೆ ಹಬ್ಬವಾದರೂ, ಬಿಡುಗಡೆಯ ಲೆಕ್ಕಾಚಾರವನ್ನೆಲ್ಲ ಮುಗಿಸಿಟ್ಟುಕೊಂಡಿದ್ದ ಅವರಿಗೆ ಪೆಟ್ಟು. ಈ ಬಗ್ಗೆ ಸಂಭ್ರಮದ ನಡುವೆ ಯಾರೂ ಹೆಚ್ಚು ಮಾತಾಡಲಿಲ್ಲ. ನಾನಂತೂ ಆ ಎರಡೂ ಆಟಗಳನ್ನು ನೆನಪಿಟ್ಟುಕೊಂಡು ನೋಡುತ್ತೇನೆ.

ಟ್ರೇಲರ್ ಬಂದ ದಿನವೇ ಗಿಬ್ಸನ್ ಮತ್ತು ಪೆಲ್ಲೆನ್ ಅವರ ಸಂದರ್ಶನ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯಲ್ಲಿ ಪ್ರಕಟವಾಯಿತು. ಇಷ್ಟು ವರ್ಷ ಏನು ತೊಂದರೆಯಾಗಿತ್ತು ಎಂಬುದೇ ಎಲ್ಲರ ಪ್ರಶ್ನೆ. ಉತ್ತರ ಓದಿ ನಾನು ಎದ್ದು ಮನೆಯೊಳಗೆಲ್ಲ ಓಡಾಡಿದೆ, ಅಷ್ಟು ಸಂತೋಷವಾಯಿತು. ತೊಂದರೆ ಏನೂ ಆಗಿರಲಿಲ್ಲವಂತೆ. ಕೆಲಸ ಎಲ್ಲೂ ನಿಂತಿರಲಿಲ್ಲ, ಜಗಳವಿರಲಿಲ್ಲ, ಹಣದ ಕೊರತೆಯಿರಲಿಲ್ಲ. ಅವರಿಗೆ ಮಾಡುವುದರಲ್ಲೇ ಸುಖವಿತ್ತು. ಒಂದು ಹಂತದಲ್ಲಿ ಗಿಬ್ಸನ್ ಚಿತ್ರ ಬರೆಯುವುದನ್ನೇ ನಿಲ್ಲಿಸಬೇಕಾಯಿತಂತೆ, ಯಾಕೆಂದರೆ ಬರೆದದ್ದೆಲ್ಲ ಚೆನ್ನಾಗಿದೆ ಎನ್ನಿಸಿ ಆಟದೊಳಗೆ ಸೇರಿಬಿಡುತ್ತಿತ್ತು, ಹಾಗೇ ಬಿಟ್ಟರೆ ಮುಗಿಯಲು ಹದಿನೈದು ವರ್ಷ ಹಿಡಿಯುತ್ತಿತ್ತು.

ಕೆಲಸದಲ್ಲಿ ಇಂಥ ಸುಖ ಎಷ್ಟು ಜನರಿಗೆ ಸಿಗುತ್ತದೆ ಹೇಳು. ನಮ್ಮ ಕಚೇರಿಗಳಲ್ಲಿ ಮುಗಿಯದ್ದನ್ನೂ ಮುಗಿದಿದೆ ಎಂದು ದಾಟಿಸುವುದನ್ನು ನಾವಿಬ್ಬರೂ ನೋಡಿದ್ದೇವೆ. ಮೊದಲ ಆಟದಿಂದ ಬಂದ ಹಣ ಇವರಿಗೆ ದೊಡ್ಡ ಕಟ್ಟಡವನ್ನೂ ನೂರು ಜನ ನೌಕರರನ್ನೂ ಕೊಡಬಹುದಿತ್ತು. ಅವರು ಅದರಿಂದ ಪಡೆದುಕೊಂಡದ್ದು ಸಮಯವನ್ನು. ಆ ಸಮಯಕ್ಕಾಗಿ ನಮ್ಮಿಂದ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಮುಂಗಡ ಮಾರಾಟವಿಲ್ಲ, ಹೆಚ್ಚು ಕೊಟ್ಟವರಿಗೆ ಮೂರು ದಿನ ಮುಂಚೆ ಎಂಬ ವ್ಯಾಪಾರವಿಲ್ಲ. ವಿಮರ್ಶಕರಿಗೂ ಮೊದಲೇ ಪ್ರತಿ ಕಳಿಸುತ್ತಿಲ್ಲ. ಆರಂಭದಲ್ಲಿ ಹಣ ಕೊಟ್ಟು ನಂಬಿದವರಿಗಿಂತ ಮುಂಚೆ ಇನ್ನೊಬ್ಬರು ಆಡುವುದು ನ್ಯಾಯವಲ್ಲ ಎಂದು ಅವರ ಭಾವನೆ. ಕಹಿ ಏಕಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಇದೇ ಕಾರಣ. ಕಾದವರ ಕಿಸೆಗೆ ಯಾರೂ ಕೈ ಹಾಕಿರಲಿಲ್ಲ. ತಾರೀಖು ಕಂಡಾಗ ಅವರ ಎದೆಯಲ್ಲಿ ಲೆಕ್ಕ ಕೇಳುವಂಥದ್ದು ಏನೂ ಉಳಿದಿರಲಿಲ್ಲ, ಸಂತೋಷಪಡುವುದೊಂದೇ ಬಾಕಿಯಿತ್ತು.

ಮೌನದ ಬಗ್ಗೆ ಅವರು ಕೊಟ್ಟ ಕಾರಣ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇನ್ನೂ ಕೆಲಸ ನಡೆಯುತ್ತಿದೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದರೆ ಜನರಿಗೆ ರುಚಿಗೆಡುತ್ತಿತ್ತು ಎಂದಿದ್ದಾರೆ. ಮತ್ತೆ ಮತ್ತೆ ಬೇಡ. ವರ್ಷಕ್ಕೊಮ್ಮೆ ನಾಲ್ಕು ಸಾಲು, 'ಚೆನ್ನಾಗಿದ್ದೇವೆ, ಬರೆಯುತ್ತಿದ್ದೇವೆ' ಎಂದಿದ್ದರೆ ಎಷ್ಟೋ ಹುಡುಗರ ಕಳವಳ ತಪ್ಪುತ್ತಿತ್ತು. ತಂಗಿ ಇದನ್ನು ಒಪ್ಪುವುದಿಲ್ಲ. ಅಂಥ ನಾಲ್ಕು ಸಾಲನ್ನೂ ಜನ ಕೇಕಿನ ಹಾಗೆ ಅಗೆದು ನೋಡುತ್ತಿದ್ದರು ಎನ್ನುತ್ತಾಳೆ. ಇರಬಹುದು.

ಟ್ರೇಲರನ್ನು ನಾವು ಫೋನಿನಲ್ಲಿ ಒಬ್ಬರ ಉಸಿರು ಒಬ್ಬರಿಗೆ ಕೇಳಿಸುವಂತೆ ಇಟ್ಟುಕೊಂಡು ನೋಡಿದೆವು. ಮೊದಲ ಸಲ ನೋಡಿದ್ದು ತಾರೀಖಿಗಾಗಿ. ನೋಡಬೇಕಾದದ್ದು ಎರಡನೆಯ ಸಲ. ಮೊದಲ ಆಟ ಪೂರ್ತಿ ಇಳಿತದ್ದು: ಬಾವಿಯೊಳಗೆ, ಇನ್ನೂ ಕೆಳಗೆ, ಬೆಳಕಿಲ್ಲದ ಆಳಕ್ಕೆ. ಸಿಲ್ಕ್‌ಸಾಂಗ್ ಏರುವ ಆಟ. ಫಾರ್ಲೂಮ್ ಎಂಬ, ರೇಷ್ಮೆಯೂ ಹಾಡೂ ಆಳುವ ನಾಡಿನಲ್ಲಿ ಸೆರೆಯಾಗಿ ಬಂದ ಹಾರ್ನೆಟ್ ಅದರ ಶಿಖರದ ಕಡೆಗೆ ಹತ್ತುತ್ತಾಳೆ. ಹಳೆಯ ಪುಟ್ಟ ಯೋಧ ತೂಗಿ ಹೆಜ್ಜೆಯಿಡುತ್ತಿದ್ದ. ಇವಳು ಓಡುತ್ತಾಳೆ, ಜಿಗಿಯುತ್ತಾಳೆ, ಗೋಡೆಯ ಅಂಚನ್ನು ಹಿಡಿದು ಮೇಲೇರುತ್ತಾಳೆ, ಗಾಯವನ್ನು ರೇಷ್ಮೆಯಿಂದ ಕಟ್ಟಿಕೊಳ್ಳುತ್ತಾಳೆ. ಅವನಿಗೆ ಮಾತಿರಲಿಲ್ಲ, ಇವಳು ಮಾತಾಡುತ್ತಾಳೆ. ಇನ್ನೂರಕ್ಕೂ ಹೆಚ್ಚು ಬಗೆಯ ಶತ್ರುಗಳು, ನಲವತ್ತಕ್ಕೂ ಹೆಚ್ಚು ದೊಡ್ಡ ಕಾಳಗಗಳು ಎಂದು ಪ್ರಕಟಣೆಯಲ್ಲಿದೆ. ನನಗೆ ಸಂಖ್ಯೆಗಿಂತ ಆ ಓಟದ ಹಗುರ ಮುಖ್ಯ. ವರ್ಷಗಳ ಕೆಲಸ ಎಲ್ಲಿ ಹೋಯಿತು ಎಂದು ಕೇಳುವವರು ಅವಳು ನೆಲ ಮುಟ್ಟುವಾಗ ನಿಲುವಂಗಿ ಹೇಗೆ ಮಡಿಯುತ್ತದೆ ಎಂದು ನೋಡಲಿ.

ನೀನು ನೇರವಾಗಿ ಇದರಿಂದ ಶುರುಮಾಡಬೇಡ. ಮೊದಲನೆಯದನ್ನು ಆಡು, ನಿನ್ನ ಈಗಿನ ಲ್ಯಾಪ್‌ಟಾಪ್ ಸಾಕು. ಕೀಬೋರ್ಡಿನಲ್ಲಿ ಕಷ್ಟಪಡಬೇಡ, ನನ್ನ ಹಳೆಯ ಕಂಟ್ರೋಲರ್ ಕೊಡುತ್ತೇನೆ. ಸೆಪ್ಟೆಂಬರ್ 4 ಗುರುವಾರ. ಶುಕ್ರವಾರ ಈದ್ ಮಿಲಾದ್ ರಜೆ, ತಂಗಿಯೂ ಹಾಸ್ಟೆಲಿನಿಂದ ಬರುತ್ತಾಳೆ. ನೀನು ಶನಿವಾರ ಮಧ್ಯಾಹ್ನದ ಮೇಲೆ ಬಾ, ಅಷ್ಟರಲ್ಲಿ ನಾವಿಬ್ಬರೂ ಎಲ್ಲಾದರೂ ಸಿಕ್ಕಿಹಾಕಿಕೊಂಡಿರುತ್ತೇವೆ. ನಾವು ಅಲ್ಲಿ ಒದ್ದಾಡುವಾಗ ನೀನು ಈ ಕಡೆ ಡರ್ಟ್‌ಮೌತಿನ ಬಾವಿ ಇಳಿಯಬಹುದು. ಬರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಮರೆಯಬೇಡ.

ನಿನ್ನ
ಗೆಳೆಯ