ಚಾರ್ಟಿನಲ್ಲಿ ಬರೆದ ಎರಡು ಗಂಟೆ

ಉಡುಪಿ
ಆಟಿ ತಿಂಗಳು, ರಾತ್ರಿ

ಪ್ರೀತಿಯ ಮಗಾ,

ಮೊನ್ನೆ ಫೋನಿನಲ್ಲಿ ನೀನು ನಗಾಡುತ್ತ ಹೇಳಿದ ಮಾತು ಎರಡು ದಿನದಿಂದ ತಲೆಯಲ್ಲಿ ತಿರುಗುತ್ತಾ ಉಂಟು. ರಾತ್ರಿ ಎರಡಕ್ಕೆ ಕೊಡಬೇಕಾದ ಇಂಜೆಕ್ಷನ್ ನಾಲ್ಕಕ್ಕೆ ಕೊಟ್ಟೆ, ಚಾರ್ಟಿನಲ್ಲಿ ಎರಡು ಅಂತಲೇ ಬರೆದೆ, ಎಲ್ಲರೂ ಹಾಗೇ ಮಾಡುವುದು ಅತ್ತೆ, ಅಂದೆ. ನಾನು ಸುಮ್ಮನಿದ್ದೆ. ಫೋನಿನಲ್ಲಿ ಬೈದರೆ ನೀನು ಮತ್ತೆ ಬಾಯಿ ಬಿಡುವವನಲ್ಲ. ಅದು ನಿನ್ನ ಅಪ್ಪನದ್ದೇ ಗುಣ. ಅದಕ್ಕೇ ಈ ಕಾಗದ.

ತಡ ಆದದ್ದಕ್ಕೆ ನನಗೆ ಬೇಜಾರಿಲ್ಲ. ಮೂವತ್ತು ಹಾಸಿಗೆಗೆ ಇಬ್ಬರೇ ಇದ್ದ ರಾತ್ರಿ ತಡ ಆಗದೆ ಇನ್ನೆಂತ ಆಗ್ತದೆ? ಬೇಜಾರು ಬರೆದದ್ದಕ್ಕೆ. ಎಂಟು ಗಂಟೆಗೊಮ್ಮೆ ಕೊಡುವ ಮದ್ದು. ಬೆಳಿಗ್ಗೆ ಡ್ಯೂಟಿಗೆ ಬಂದವಳು ನಿನ್ನ ಅಕ್ಷರ ನಂಬಿ ಹತ್ತು ಗಂಟೆಗೆ ಮುಂದಿನ ಡೋಸ್ ಹಾಕ್ತಾಳೆ. ಎಂಟರ ಅಂತರ ಆರಾಯಿತು. ಅದು ಜೆಂಟಾಮೈಸಿನ್‌ನಂತೆ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡುವ ಮದ್ದಾಗಿದ್ದು, ಮಲಗಿದವರು ಎಂಬತ್ತರ ಅಜ್ಜಿಯಾಗಿದ್ದರೆ?

ನಾನು ಈ ಕೆಲಸಕ್ಕೆ ಸೇರಿದ್ದು ದೊಡ್ಡ ಆದರ್ಶದಿಂದಲ್ಲ ಮಾರಾಯ. ನಾನೂ ನಿನ್ನ ಅಪ್ಪನೂ ಹುಟ್ಟಿದ್ದು ಇಲ್ಲಿನ ಮಿಷನ್ ಆಸ್ಪತ್ರೆಯಲ್ಲಿ. 1923ರಲ್ಲಿ ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ್ದು ಅದು. ಅಲ್ಲಿನ ಸಿಸ್ಟರ್‌ಗಳ ಇಸ್ತ್ರಿ ಮುರಿಯದ ಬಿಳಿ ಬಟ್ಟೆ ನೋಡಿ ಅಮ್ಮನಿಗೆ ಆಸೆ ಆಯಿತು, ಅಷ್ಟೆ. ನನ್ನ ಪಾಲಿಗೆ ಬಂದದ್ದು ಗಾಜಿನ ಸಿರಿಂಜು ಕುದಿಸುವ ಪಾತ್ರೆ. ಸೂಜಿ ಬಿಸಾಡುವ ಕ್ರಮವೇ ಇರಲಿಲ್ಲ. ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡುವುದು. ಎಳೆ ಸಿಕ್ಕಿಕೊಂಡರೆ ಮೊನೆ ಮಡಚಿದೆ ಅಂತ ಲೆಕ್ಕ, ಕಲ್ಲಿಗೆ ಉಜ್ಜಬೇಕು. ಆಮೇಲೆ ಹೆರಿಗೆ ವಾರ್ಡು, ಆಪರೇಷನ್ ಥಿಯೇಟರು, ಕುವೈತು. 1990ರ ಆಗಸ್ಟ್ 2ಕ್ಕೆ ಇರಾಕಿನ ಸೇನೆ ನುಗ್ಗಿದ್ದು, ನಾವು ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾದಲ್ಲಿ ಒಂದೇ ಚೀಲ ಹಿಡಿದು ಬಂದದ್ದು ನಿನಗೆ ಬಾಯಿಪಾಠ, ಬಿಡು.

ಬಂದು ಸೇರಿದ್ದು ಮಂಗಳೂರಿನಲ್ಲಿ, ಮಲೇರಿಯಾ ಜೋರಾಗಿದ್ದ ವರ್ಷಗಳು. ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ ಆದರೆ ಜ್ವರ ದಿನ ಬಿಟ್ಟು ದಿನ ಏರ್ತದೆ, ಹಾಗಾಗಿ ಡಾಕ್ಟರು ರೋಗಿಯ ಮುಖಕ್ಕಿಂತ ಮೊದಲು ಚಾರ್ಟಿನ ಗೆರೆ ನೋಡ್ತಿದ್ದರು. ಒಬ್ಬಳು ಹುಡುಗಿ, ಪಾಪ, ಮೂರನೇ ನೈಟ್ ಅವಳದ್ದು, ಥರ್ಮಾಮೀಟರ್ ಇಡದೆಯೇ ಸಾಲಾಗಿ 98.4 ಬರೆದುಬಿಟ್ಟಳು. ಜ್ವರ ಬಿಟ್ಟಿತು ಅಂತ ಕಟ್ಟಡ ಕೆಲಸದ ಒಬ್ಬ ಹುಡುಗನನ್ನು ಮನೆಗೆ ಕಳಿಸಿದರು. ಮರುದಿನ ಕಂಬಳಿಯಲ್ಲಿ ಸುತ್ತಿ ರಿಕ್ಷಾದಲ್ಲಿ ತಂದರು, ಹಲ್ಲು ಕಟಕಟ. ಬದುಕಿದ, ಪುಣ್ಯ.

ಈಗ ನನ್ನದು ಕೇಳು. ನಿನ್ನ ಅಪ್ಪನಿಗೂ ಇದು ಗೊತ್ತಿಲ್ಲ. ನಮ್ಮ ವಾರ್ಡಿನಲ್ಲಿ ಒಬ್ಬರು ಸಕ್ಕರೆ ಕಾಯಿಲೆಯ ಅಜ್ಜ. ಇನ್ಸುಲಿನ್ ಅವರ ಮಗ ದುಬೈಯಿಂದ ತಂದದ್ದು. ನಮ್ಮ ಸೀಸೆಗಳೆಲ್ಲ ಒಂದು ಎಂಎಲ್‌ಗೆ 40 ಯೂನಿಟ್‌ನವು, ಸಿರಿಂಜೂ ಅದರದ್ದೇ. ರಾತ್ರಿ ಊಟಕ್ಕೆ ಮೊದಲು ಇಪ್ಪತ್ತರ ಗೆರೆಗೆ ಎಳೆದೆ, ಚುಚ್ಚಿದೆ. ಸೀಸೆ ಫ್ರಿಜ್ಜಿಗೆ ಇಡುವಾಗ ಲೇಬಲ್ ಕಂಡಿತು: 100. ಅರ್ಧ ಎಂಎಲ್ ಹೋಗಿದೆ, ಅಂದರೆ ಇಪ್ಪತ್ತಲ್ಲ, ಐವತ್ತು ಯೂನಿಟ್. ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತೆ. ಯಾರೂ ನೋಡಿರಲಿಲ್ಲ. ಅಜ್ಜ ಬೆವರಿದರೆ ಸಕ್ಕರೆ ನೀರು ಕೊಟ್ಟು ಸುಧಾರಿಸಿಕೊಳ್ಳಬಹುದು ಅಂತ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ. ಫೋನ್ ಇದ್ದದ್ದು ಹತ್ತು ಹೆಜ್ಜೆ ಆಚೆ.

ಮಾಡಿದೆ. ಡಾಕ್ಟರು ಓಡಿ ಬಂದರು. ಡೆಕ್ಸ್‌ಟ್ರೋಸ್ ಅಂದರೆ ಸಕ್ಕರೆಯ ಡ್ರಿಪ್, ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡುವುದು, ಬೆಳಕು ಹರಿಯುವವರೆಗೆ. ಅವರು ಬೈದದ್ದು ವಾರ್ಡಿನ ಆ ತುದಿಗೆ ಕೇಳಿತು, ಬೆಳಿಗ್ಗೆ ಮೆಮೊ ಬಂತು. ಅಜ್ಜನಿಗೂ ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಾಗಾದರೆ ಇವತ್ತು ಗಂಜಿಗೆ ಬೆಲ್ಲ ಹಾಕಬಹುದಲ್ಲ ಸಿಸ್ಟರೇ" ಅಂದರು. ಈಗ ಸಿರಿಂಜಿನ ಮುಚ್ಚಳ 40ಕ್ಕೆ ಕೆಂಪು, 100ಕ್ಕೆ ಕಿತ್ತಳೆ. ಆದರೂ ಲೇಬಲ್ ಓದು, ಬಣ್ಣ ನಂಬಬೇಡ.

ಇನ್ನೊಂದು ವಿಷಯ, ಇದನ್ನು ನಿನಗೆ ಯಾವ ಟ್ಯೂಟರೂ ಹೇಳಲಿಕ್ಕಿಲ್ಲ. ಇಬ್ಬರಿಂದ ಮೂವತ್ತು ಹಾಸಿಗೆ ಆಗುವುದಿಲ್ಲ ಅಂತ ಊಟದ ಹೊತ್ತಿಗೆ ಗೊಣಗ್ತೀರಿ. ಚಾರ್ಟಿನಲ್ಲಿ ಮಾತ್ರ ಎಲ್ಲ ಮದ್ದೂ ಎರಡಕ್ಕೆ ಸರಿಯಾಗಿ! ಇಬ್ಬರೇ ಸಾಕು ಅಂತ ಮೇಲಿನವರಿಗೆ ಸಾಕ್ಷಿ ಬರೆದುಕೊಟ್ಟದ್ದು ನೀವೇ ಅಲ್ಲವಾ? ನಾಲ್ಕಕ್ಕೆ ಕೊಟ್ಟರೆ ನಾಲ್ಕು ಅಂತ ಬರೆ, ಯಾಕೆ ತಡ ಅಂತಲೂ ಬರೆ, ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರಿನಲ್ಲಿ ಬಾಯಿಬಿಟ್ಟು ಹೇಳು. ಬರೆದದ್ದು ತಪ್ಪಿದರೆ ಗೀಚಬೇಡ, ವೈಟ್ನರ್ ಹಚ್ಚಬೇಡ. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದ್ದು, ತಾರೀಕು, ಸಮಯ, ಸಹಿ.

ವಾರ್ಡಿನಲ್ಲಿ ನಿನ್ನನ್ನು ಬ್ರದರ್ ಅಂತ ಕರೀತಾರಂತೆ, ನಿನ್ನ ಅಮ್ಮನಿಗೆ ಭಾರೀ ಖುಷಿ.

ಹಿತ್ತಿಲ ಕೆಸುವಿನ ಎಲೆ ಅಂಗೈಗಿಂತ ದೊಡ್ಡದಾಗಿದೆ. ರಜೆ ಸಿಕ್ಕಿದಾಗ ಬಾ, ಪತ್ರೊಡೆ ಮಾಡ್ತೇನೆ. ಆದರೆ ಬಸ್ಸು ಹತ್ತುವ ಮೊದಲು ಆ ಎರಡು ಗಂಟೆಯ ವಿಷಯ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ ಬಾ.

ನಿನ್ನ
ಅತ್ತೆ